ದೊರೆಯ ಎದೆಯ ಮೇಲಿದ್ದ ಮುತ್ತು

"ಮುಟ್ಟಬೇಡಿ!" ಎಂದೆ. ವಕೀಲ ತದ್ದೇಯೊ ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

ಮೇಜಿನ ಮೇಲೆ ಕೆಂಪು ಮಕಮಲ್ಲಿನ ತೋಳೊಂದು ಮಲಗಿತ್ತು. ಎಡಗೈಯದು. ಹೆಗಲ ಕಡೆ ಕಟ್ಟುವ ಲಾಡಿಗಳು, ಮುಂಗೈ ಪಟ್ಟಿಯ ಸುತ್ತ ಮುತ್ತು. ನಮ್ಮಲ್ಲಿ ಅಂಗಿಯ ತೋಳು ಬೇರೆಯೇ ಇರುತ್ತದೆ, ಹೆಣ್ಣು ಅದನ್ನು ಬಿಚ್ಚಿ ಗಂಡಿಗೆ ಕೊಟ್ಟರೆ ಪ್ರೀತಿಯ ಗುರುತು. ನಿನ್ನೆ ಮಧ್ಯಾಹ್ನ ಲಾಯದ ಯಜಮಾನ ಗಾಸ್ಪರೆಯ ಹೆಣ ತೊಳೆಯುವಾಗ ಅವನ ಅಂಗಿಯೊಳಗಿಂದ ಬಿದ್ದದ್ದು ಇದೇ. ಆಗಿನಿಂದ ನನ್ನ ರಾಣಿ ಇಪ್ಪೋಲಿತಾ ಬೀಗದ ಹಿಂದೆ ಕೂತಿದ್ದಾಳೆ.

ರಾಣಿಯನ್ನು ಅವಳು ಇವಳು ಅನ್ನುತ್ತೇನೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಅವಳು ಐದು ವರ್ಷದ ಕೂಸಾಗಿದ್ದಾಗಿನಿಂದ ಬಟ್ಟೆ ತೊಡಿಸಿದವಳು ನಾನು. ಮದುವೆಯಾಗಿ ಈ ಕಾಸ್ಟೆಲ್‌ಮೊರೊ ಅರಮನೆಗೆ ಬಂದಾಗ ಅವಳ ಬಟ್ಟೆ ಪೆಟ್ಟಿಗೆಗಳ ಜೊತೆ ನನ್ನನ್ನೂ ಗಾಡಿಗೆ ಹತ್ತಿಸಿದರು. ಹದಿನಾಲ್ಕು ವರ್ಷದಿಂದ ಇಲ್ಲಿಯ ಉಡುಪಿನ ಮನೆ ನನ್ನ ಕೈಯಲ್ಲಿದೆ. ಬೇರೆಯವರ ಎದುರು ಅಮ್ಮಾವ್ರು ಅನ್ನುತ್ತೇನೆ, ಅಷ್ಟು ಸಾಕು.

"ಓರ್ತೆನ್ಸಿಯಾ, ಇದು ರಾಣೀದು ಹೌದೋ ಅಲ್ವೋ ಹೇಳಿಬಿಡಿ," ಎಂದರು ವಕೀಲರು. "ಮಧ್ಯಾಹ್ನದೊಳಗೆ ದೊರೆ ವಿಚಾರಣೆಯ ಕಾಗದ ಕೇಳಿದ್ದಾರೆ. ಸಂಜೆ ಔತಣದಲ್ಲಿ, ರಾಯಭಾರಿ ಎದುರಿಗೆ ತೀರ್ಪು ಅಂತೆ."

"ಅಮ್ಮಾವ್ರದೇ. ಹೊಲಿದದ್ದೂ ನಾನೇ."

"ಹಾಗಾದ್ರೆ ಮುಗೀತಲ್ಲ."

"ಏನು ಮುಗಿಯೋದು? ಸುಮ್ನೆ ಕೂತ್ಕೊಳ್ಳಿ ಸ್ವಲ್ಪ."

ಕೂತರು. ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. ಕಿಟಕಿಯಾಚೆ ಸಂಜೆ ಕುದುರೆ ಏರಿ ಆಡುವ ಭರ್ಜಿ ಕಾಳಗಕ್ಕೆ ಅಟ್ಟಣಿಗೆ ಕಟ್ಟುವ ಸುತ್ತಿಗೆಯ ಸದ್ದು ತಲೆ ತಿನ್ನುತ್ತಿತ್ತು. ತೀರ್ಪು ಏನಾಗುತ್ತದೆಂದು ಅರಮನೆಯ ನಾಯಿಗಳಿಗೂ ಗೊತ್ತಿತ್ತು. ಗಂಡನ ಮಾನ ತೆಗೆದ ಹೆಂಡತಿಯನ್ನು ಗಂಡ ಏನು ಮಾಡಿದರೂ ಕೇಳುವವರಿಲ್ಲ. ದೊರೆಯ ಚಿಕ್ಕಮ್ಮನ ಮೇಲೆ ಇಂಥದೇ ಆಪಾದನೆ ಬಂದಿತ್ತು. ಸನ್ಯಾಸಿನಿಯರ ಮಠಕ್ಕೆ ಕಳಿಸಿದರು, ಮೂರೇ ದಿನಕ್ಕೆ ಜ್ವರ ಬಂತಂತೆ, ಹೋಗಿಬಿಟ್ಟಳಂತೆ. ಈಗ ಹೊರನಾಡಿನಿಂದ ಬಂದ ರಾಯಭಾರಿಯ ಸಾಮಾನಿನಲ್ಲಿ ಅವರ ಕಡೆಯ ಹದಿನೇಳರ ಹುಡುಗಿಯ ಚಿತ್ರಪಟವೊಂದು ಬಂದಿದೆ. ದೊರೆ ಅದನ್ನು ದಿನಕ್ಕೆರಡು ಸಲ ನೋಡುತ್ತಾರೆ.

ನಾನು ತೋಳನ್ನು ಕಿಟಕಿಯ ಬೆಳಕಿಗೆ ಒಯ್ದೆ. ಪಟ್ಟಿಯ ನಡುವೆ ಒಂದು ದೊಡ್ಡ ಮುತ್ತು, ಕೆಳಗೆ ಸ್ವಲ್ಪ ಜೋತ ಆಕಾರದ್ದು. ಒಂದು ಪಕ್ಕಕ್ಕೆ ಮಗುವಿನ ಹಲ್ಲು ಊರಿದಂಥ ಸಣ್ಣ ತಗ್ಗು.

ಗುರುತು ಸಿಕ್ಕಿತು. ಆಮೇಲೆ ನಗು ಬಂತು. ಅಳು ಬಂತು. ಎರಡನ್ನೂ ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ.

"ಏನಾಯ್ತು?"

"ವಕೀಲ್ರೇ, ಗಾಸ್ಪರೆ ಸತ್ತದ್ದು ಯಾವಾಗ?"

"ಗುರುವಾರ ಸಂಜೆ, ದೀಪ ಹಚ್ಚೋ ಹೊತ್ತು. ಹೊಸ ಕುದುರೆ ಒದೀತು. ಲಾಯದಲ್ಲಿ ನಾಲ್ಕು ಜನ ಕಣ್ಣಾರೆ ನೋಡಿದ್ದಾರೆ. ಅದರಲ್ಲಿ ಅನುಮಾನವೇ ಇಲ್ಲ."

"ಗುರುವಾರ ಸಂಜೆ ಈ ಮುತ್ತು ಎಲ್ಲಿತ್ತು ಗೊತ್ತಾ?"

"ತೋಳಿನ ಮೇಲೆ."

"ದೊರೆಯ ಎದೆ ಮೇಲೆ!"

ವಕೀಲರ ಬಾಯಿ ತೆರೆದುಕೊಂಡೇ ಉಳಿಯಿತು. ನನ್ನ ಬಾಯಿ ಮಾತ್ರ ಅಲ್ಲಿಗೇ ಕಟ್ಟಿಹೋಯಿತು. ಮುಂದಿನ ಮಾತು ಹೇಳಿದರೆ ಹದಿನಾಲ್ಕು ವರ್ಷ ನುಂಗಿಟ್ಟುಕೊಂಡದ್ದನ್ನು ಕಕ್ಕಬೇಕು. ನುಂಗಿದ್ದು ಈ ಮನೆಯ ಮಾನ. ಆದರೆ ಅತ್ತ ನನ್ನ ಕೂಸಿನ ಪ್ರಾಣ. ಯಾವ ಮಾನ, ಹಾಳಾಗಿ ಹೋಗಲಿ ಅಂದುಕೊಂಡೆ.

"ಈ ಅರಮನೇಲಿರೋದು ಒಂದೇ ಕಟ್ಟು ಮುತ್ತು," ಎಂದೆ.

"ಒಂದೇ?"

"ಒಂದೇ. ಈಸ್ಟರ್ ಹಬ್ಬಕ್ಕೆ ಅಮ್ಮಾವ್ರ ತೋಳಿಗೆ. ಅದನ್ನ ಬಿಚ್ಚಿ ಮೆರವಣಿಗೆ ದಿನ ದೊರೆಯ ಟೋಪಿಗೆ. ಅದನ್ನೂ ಬಿಚ್ಚಿ ಒಂದ್ಸಲ ಕುದುರೆಯ ಹಣೆಪಟ್ಟಿಗೂ ಹೊಲಿದಿದ್ದೀನಿ. ನೋಡೋರು ಪೆಟ್ಟಿಗೆ ತುಂಬ ಮುತ್ತಿದೆ ಅಂದ್ಕೋತಾರೆ. ಇರೋದು ನನ್ನ ಸೂಜಿ ಮಾತ್ರ."

"ಮತ್ತೆ ಔತಣದ ಮನೇಲಿ ಜೋಡಿಸಿರೋ ಅಷ್ಟೊಂದು ಬೆಳ್ಳಿ ತಟ್ಟೆ?"

"ಮೇಲಿನ ಎರಡು ಸಾಲು ಮರದ್ದು, ಬಣ್ಣ ಬಳಿದದ್ದು. ಮತ್ಯಾಕೆ ಅಷ್ಟು ಎತ್ತರಕ್ಕೆ ಇಟ್ಟಿದ್ದಾರೆ ಅಂತೀರಿ?"

ವಕೀಲರು ನಗಲಿಲ್ಲ. ಹಣೆ ಉಜ್ಜಿಕೊಂಡರು. "ಗುರುವಾರ ಇದು ದೊರೆ ಮೈಮೇಲಿತ್ತು ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಸಾಕ್ಷಿ?"

"ರಾಯಭಾರಿಯನ್ನೇ ಕೇಳಿ. ಆ ಸಂಜೆ ಅರಮನೇಲಿ ಕುಣಿತ ಶುರುವಾಗೋ ಮುಂಚೆ ದೊರೆಯ ಎದೆ ಹತ್ರ ಬಗ್ಗಿ, ಈ ತಗ್ಗಿನ ಮೇಲೆ ಬೆರಳಿಟ್ಟು, 'ಇಂಥ ಮುತ್ತು ನಮ್ಮ ಕಡೆ ಇಲ್ಲ' ಅಂದ್ರು. ನಾನು ಹಿಂದೇನೇ ನಿಂತಿದ್ದೆ. ಆಗಲೇ ಲಾಯದ ಕಡೆಯಿಂದ ಕೂಗು ಕೇಳಿದ್ದು."

ಅವರು ಎದ್ದು ನಿಂತರು. ಮುಖಕ್ಕೆ ರಕ್ತ ಏರಿತ್ತು. "ಅಂದ್ರೆ ಗಾಸ್ಪರೆ ಸತ್ತಾಗ ಮುತ್ತು ಈ ತೋಳಿನ ಮೇಲೆ ಇರ್ಲೇ ಇಲ್ಲ. ಆಮೇಲೆ ಯಾರೋ ಹೊಲಿದು, ಹೆಣದ ಅಂಗಿಯೊಳಗೆ ತುರುಕಿದ್ದಾರೆ."

"ಸತ್ತವನಿಗೆ ಯಾರಾದ್ರೂ ಪ್ರೀತಿಯ ಕಾಣಿಕೆ ಕೊಡ್ತಾರಾ, ನೀವೇ ಹೇಳಿ!"

"ಯಾರು ತುರುಕಿದ್ದು?"

ಅದನ್ನು ಕೇಳಿದ್ದೇ ತಡ, ನನ್ನ ನಾಲಿಗೆ ತುದಿಯಲ್ಲಿ ಹೆಸರು ಸಿದ್ಧವಾಗಿತ್ತು. ಪಾರುಪತ್ಯಗಾರ ಒರಾಸಿಯೊ. ದೊರೆಯ ಬಟ್ಟೆ ಕಳಚುವವನು, ದೊರೆಯ ಮನಸ್ಸನ್ನು ದೊರೆಗಿಂತ ಮುಂಚೆ ತಿಳಿಯುವವನು. ಶುಕ್ರವಾರ ಬೆಳಗ್ಗೆ ಮೇಲಂಗಿ ಕೊಡು, ಮುತ್ತು ಬಿಚ್ಚಬೇಕು ಎಂದು ಅವನ ಹಿಂದೆ ಎರಡು ಸಲ ಅಲೆದೆ. ದೊರೆ ಮಲಗಿದ್ದಾರೆ ಎಂದ. ಮಧ್ಯಾಹ್ನ ಕೊಟ್ಟಾಗ ಎದೆಯ ಸಾಲು ಪೂರ್ತಿ ಖಾಲಿ, ನೂಲಿನ ತುದಿಗಳು ಮಾತ್ರ ನಿಂತಿದ್ದವು. ಎಲ್ಲಿ ಹೋಯಿತೆಂದರೆ, "ಹೋಗಿ ದೊರೆಯನ್ನೇ ಕೇಳೇ ಮುದುಕಿ," ಎಂದು ಹಲ್ಲು ಕಿರಿದಿದ್ದ.

ವಕೀಲರು ತಮ್ಮ ಚೀಟಿ ತೆಗೆದು ನೋಡಿದರು. "ಹೆಣ ಇಟ್ಟಿದ್ದ ಪ್ರಾರ್ಥನಾಮಂದಿರದ ಕಾವಲುಗಾರನನ್ನ ಕೇಳಿದ್ದೀನಿ. ಶುಕ್ರವಾರ ಬೆಳಗ್ಗೆ ಒಳಗೆ ಹೋದವರು ಮೂವರು. ಪಾದ್ರಿ, ಒರಾಸಿಯೊ, ಆಮೇಲೆ ರಾಣಿ."

"ಮನೆಯ ಆಳು ಸತ್ರೆ ಯಜಮಾನಿ ಹೋಗಿ ಪ್ರಾರ್ಥನೆ ಮಾಡೋದು ಪದ್ಧತಿ. ಅದನ್ನ ಬಿಡಿ."

"ಬಿಟ್ಟೆ. ಒರಾಸಿಯೊ ಸಾಕು." ಅವರು ಲೇಖನಿ ಅದ್ದಿದರು. "ನೋಡಿ, ಇದನ್ನ ಬರೆದ್ರೆ ಈ ಮನೆಯ ಗುಟ್ಟು ಬೀದಿಗೆ ಬೀಳತ್ತೆ. ದೊರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳಲ್ಲ."

"ಓಡಿಸ್ಲಿ. ಬರೀರಿ."

ಬರೆದರು. ಬೈಬಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿ, ಅವರು ತೋರಿಸಿದ ಜಾಗದಲ್ಲಿ ಶಿಲುಬೆ ಗುರುತು ಹಾಕಿದೆ. ವಕೀಲರು ಬಾಗಿಲ ಹತ್ತಿರ ನಿಂತು ಒಮ್ಮೆ ಹಿಂತಿರುಗಿ, "ಇಪ್ಪತ್ತು ವರ್ಷದಲ್ಲಿ ಒಬ್ಬರ ಜೀವ ಉಳಿಸಿದ್ದು ಇದೇ ಮೊದಲು," ಎಂದರು. ಪಾಪ, ಕಣ್ಣಲ್ಲಿ ನೀರು ಆಡುತ್ತಿತ್ತು. ನನಗಂತೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ರಾಣಿಯ ಕೋಣೆಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆಪಾದನೆ ಹೊತ್ತವಳಾದರೇನು, ಸಂಜೆ ಅಟ್ಟಣಿಗೆಯ ಮೇಲೆ ಚಿನ್ನದ ಜರಿ ಉಟ್ಟು ದೊರೆಯ ಪಕ್ಕ ಕೂರಲೇಬೇಕು. ರಾಯಭಾರಿಯ ಕಣ್ಣಿಗೆ ಖಾಲಿ ಕುರ್ಚಿ ಕಾಣಬಾರದಂತೆ. ಜರಿಯ ಲಂಗ ತೋಳಿನ ಮೇಲೆ ಹೊತ್ತುಕೊಂಡು ಹೋದೆ, ಕಾವಲಿನವನು ಬೀಗ ತೆಗೆದು ನನ್ನ ಹಿಂದೆ ಮತ್ತೆ ಹಾಕಿದ.

ಇಪ್ಪೋಲಿತಾ ಕಿಟಕಿಯ ಹತ್ತಿರ ಕೂತಿದ್ದಳು. ಮುಂದಿಟ್ಟಿದ್ದ ಬ್ರೆಡ್ಡು, ಗಂಜಿ ಹಾಗೇ ಆರಿತ್ತು.

"ಏಳು ತಾಯಿ, ಏಳು," ಎಂದೆ. "ಗೆದ್ವಿ. ಇನ್ನೊಂದು ಗಳಿಗೇಲಿ ಬಾಗಿಲು ತೆಗೀತಾರೆ."

"ಯಾಕೆ?" ಎಂದಳು.

ಹೇಳಿದೆ. ಜಂಬದಿಂದಲೇ ಹೇಳಿದೆ, ಸುಳ್ಳೇಕೆ? ತಗ್ಗಿನ ಮುತ್ತು, ದೊರೆಯ ಎದೆ, ರಾಯಭಾರಿಯ ಬೆರಳು, ಒರಾಸಿಯೊನ ಹಲ್ಲು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಜಡೆ ಬಿಚ್ಚಿ ಬಾಚಲು ಕೈ ಹಾಕಿದೆ. ನನ್ನ ಕೈಯ ಕೆಳಗೆ ಅವಳ ತಲೆ ನಡುಗತೊಡಗಿತು. ಖುಷಿಗೆ ಎಂದುಕೊಂಡೆ.

"ಕಾಗದ ಎಲ್ಲಿದೆ?" ಎಂದಳು.

"ವಕೀಲರ ಕೈಲಿ. ದೊರೆ ಹತ್ರ ಹೋದ್ರು."

"ಶಿಲುಬೆ ಗುರುತು ಹಾಕಿದ್ಯಾ?"

"ಹಾಕದೆ ಬಿಡ್ತೀನಾ?"

ಅವಳು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟಳು. ರಾಣಿ ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ, ಹೆರಿಗೆಯ ದಿನ ಕೂಡ.

"ಅಯ್ಯೋ ಓರ್ತೆನ್ಸಿಯಾ, ಏನು ಮಾಡಿಬಿಟ್ಟೆ," ಎಂದಳು. "ಅದನ್ನ ಹೊಲಿದದ್ದು ನಾನು."

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಲಿಲ್ಲ. "ಸುಮ್ನಿರು. ಜ್ವರ ಗಿರ ಬಂದಿದೆಯಾ ನಿಂಗೆ?"

"ಶುಕ್ರವಾರ ಬೆಳಗ್ಗೆ ದೊರೆಯ ಕೋಣೆಗೆ ಹೋದೆ. ಆರು ತಿಂಗಳಾಗಿತ್ತು ಅಲ್ಲಿಗೆ ಕಾಲಿಟ್ಟು. ಕುಡಿದು ಗೊರಕೆ ಹೊಡೀತಿದ್ರು. ಮೇಲಂಗಿ ಕುರ್ಚಿ ಮೇಲೆ ಬಿದ್ದಿತ್ತು. ಮಂಚದ ಕಾಲ ಹತ್ರಾನೇ ಕೂತು ಮುತ್ತು ಬಿಚ್ಚಿದೆ. ಒಂದ್ಸಲ ಕಣ್ಣು ಬಿಟ್ಟು ನನ್ನನ್ನ ನೋಡಿದ್ರು. ಮತ್ತೆ ಆ ಕಡೆ ತಿರುಗಿ ಮಲಗಿದ್ರು. ಯಾರು, ಏನು ಅಂತ ಕೂಡ ಕೇಳ್ಲಿಲ್ಲ."

"ಹೆಣದ ಹತ್ರ?"

"ಕಾವಲುಗಾರನನ್ನ ಮೇಣದಬತ್ತಿ ತರೋಕೆ ಕಳಿಸಿದೆ." ಅವಳು ಮುಖ ಮುಚ್ಚಿಕೊಂಡಳು. "ಪಾಪ ಗಾಸ್ಪರೆ. ನನ್ನ ಕಡೆ ತಲೆ ಎತ್ತಿ ನೋಡಿದವನಲ್ಲ. ಅವನ ಅವ್ವನಿಗೆ ಯಾವ ಮುಖ ಹೊತ್ತು ಉತ್ತರ ಹೇಳ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಪ್ರೀತಿ ಇದ್ದಲ್ಲಿ ಸಿಟ್ಟೂ ಇರುತ್ತದೆ, ಮುಚ್ಚಿಡುವುದೇನು. ಭುಜ ಹಿಡಿದು ಅಲುಗಾಡಿಸಿದೆ. "ಹುಚ್ಚು ಹಿಡಿದಿತ್ತಾ ನಿಂಗೆ? ನೀನಾಗೇ ಹಾದರದ ಹೆಸರು ಹೊತ್ಕೊಳ್ಳೋದಕ್ಕೆ! ಕೊಲ್ತಾರೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಹೋದ ತಿಂಗಳು ಧರ್ಮಾಧ್ಯಕ್ಷರು ನನ್ನ ತವರಿಂದ ಒಂದು ಹಳೇ ಕಾಗದ ತರಿಸಿದ್ರು. ನನ್ನ ಜ್ಞಾನಸ್ನಾನದ್ದು. ಕೂಸಿದ್ದಾಗ ನನ್ನನ್ನ ತೀರ್ಥದ ತೊಟ್ಟಿ ಮೇಲೆ ಎತ್ತಿ ಹಿಡಿದವಳು ಯಾರು ಗೊತ್ತಾ? ದೊರೆಯ ತಾಯಿ."

ಅವಳ ಭುಜ ಬಿಟ್ಟೆ.

ನಮ್ಮಲ್ಲಿ ಜ್ಞಾನಸ್ನಾನಕ್ಕೆ ಮಗುವನ್ನು ಹಿಡಿದವಳು ದೇವರ ಎದುರು ಅದರ ತಾಯಿಯೇ ಆಗುತ್ತಾಳೆ. ಅವಳ ಹೊಟ್ಟೆಯ ಮಕ್ಕಳು ಆ ಮಗುವಿಗೆ ಒಡಹುಟ್ಟಿದವರು. ಆ ಹುಡುಗಿಯನ್ನು ಆ ಮನೆಯ ಮಗನಿಗೆ ತರಬೇಕಾದರೆ ಮೊದಲೇ ರೋಮಿನ ಪೋಪರ ಅಪ್ಪಣೆ ಬೇಕು. ಇವರ ಮದುವೆಯಲ್ಲಿ ಅದನ್ನು ಯಾರೂ ತರಿಸಿರಲಿಲ್ಲ. ದೊಡ್ಡವರಿಗೆ ಅವಸರವಿತ್ತು, ಮರೆತಿದ್ದರೋ, ಮರೆತಂತೆ ಇದ್ದರೋ.

"ಈಗ ರೋಮಿಗೆ ಬರೀತಾರೆ," ಎಂದಳು. "ಈ ಮದುವೆ ಆಗೇ ಇಲ್ಲ ಅಂತಾಗತ್ತೆ. ಹದಿನಾಲ್ಕು ವರ್ಷ ನಾನು ಇವರ ಹೆಂಡತೀನೇ ಅಲ್ಲ. ಆಗ ಅಸ್ಕಾನಿಯೊ ಯಾರು ಹೇಳು? ನನ್ನ ಮಗ ಯಾರು?"

ಅಂಥ ಮಕ್ಕಳನ್ನು ಕರೆಯುವ ಶಬ್ದ ಲಾಯದವರ ಬಾಯಲ್ಲಿ ದಿನಾ ಕೇಳುತ್ತೇನೆ. ಆರು ವರ್ಷದ ಕೂಸಿಗೆ ಅದನ್ನು ಹೇಗೆ ಅನ್ನಲಿ?

"ಹೆಂಡತಿ ಕೆಟ್ಟವಳು ಅಂತಾದ್ರೆ ಮದುವೆ ಸುಳ್ಳಾಗಲ್ಲ," ಎಂದಳು ಮೆಲ್ಲಗೆ. "ಗಾಸ್ಪರೆ ಈ ಊರಿಗೆ ಬಂದು ಒಂದು ವರ್ಷ ಕೂಡ ಆಗಿಲ್ಲ. ಮಗನಿಗೆ ಆರು. ಅವನ ಹುಟ್ಟಿನ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ಇವರಿಗೆ ಬೇಕಾಗಿರೋದು ಇನ್ನೊಂದು ಮದುವೆ ತಾನೇ? ಹೆಂಡತಿ ಸತ್ರೆ ಅದಕ್ಕೆ ರೋಮಿನ ದಾರಿ ಕಾಯಬೇಕಾಗಿಲ್ಲ. ಅಷ್ಟು ಬೇಗ ಆಗೋದನ್ನ ಬಿಟ್ಟು ಕಾಗದದ ಹಿಂದೆ ಯಾಕೆ ಹೋಗ್ತಾರೆ? ಅದಕ್ಕೇ ನಾನೇ ಒಂದು ನೆಪ ಮಾಡಿಕೊಟ್ಟೆ."

ಅಡುಗೆಯವನಿಗೆ ನಾಳೆಯ ಊಟ ಹೇಳುವ ಧ್ವನಿಯಲ್ಲೇ ಇದನ್ನು ಹೇಳಿದಳು.

"ಮುತ್ತು ಯಾಕೆ ಹೊಲಿಯೋಕೆ ಹೋದೆ?" ಎಂದು ಅತ್ತೆ. "ಬರೀ ತೋಳು ಇಟ್ಟಿದ್ರೆ ನಾನು ಏನೂ ಕಂಡುಹಿಡೀತಿರ್ಲಿಲ್ಲವಲ್ಲೇ!"

"ಬರೀ ಕೆಂಪು ತೋಳು ಊರ ತುಂಬ ಇದೆ. ಮುತ್ತಿದ್ರೆ ತಾನೇ ರಾಣೀದು ಅನ್ನೋದು? ಗುರುವಾರ ಅದು ಅವರ ಎದೆ ಮೇಲಿದ್ದದ್ದು ನಂಗೆ ನೆನಪಿತ್ತು. ಅವರಿಗೆ ನೆನಪಿರಲ್ಲ, ತಮ್ಮ ಮೈಮೇಲೆ ಏನಿದೆ ಅಂತ ಅವರು ಯಾವತ್ತು ನೋಡ್ಕೊಂಡಿದ್ದಾರೆ? ಗೊತ್ತಿರೋಳು ನೀನೊಬ್ಳೇ." ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹದಿನಾಲ್ಕು ವರ್ಷ ಒಬ್ರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ಈ ಗುಟ್ಟು ನೀನು ಸಾಯೋ ತನಕ ಬಿಡಲ್ಲ ಅಂದ್ಕೊಂಡಿದ್ದೆ."

"ನಿಂಗೋಸ್ಕರ ಬಿಟ್ಟೆ ಕಣೇ..."

"ಹೂಂ. ನೀನು ಬೇರೆ ಯಾರಿಗೋಸ್ಕರ ಬಿಡ್ತೀಯಾ? ಅದನ್ನ ನಾನು ಯೋಚಿಸಬೇಕಾಗಿತ್ತು."

"ನಂಗೆ ಮೊದಲೇ ಒಂದು ಮಾತು ಹೇಳಿದ್ರೆ?"

"ಹೇಳಿದ್ರೆ ಸಾಯೋಕೆ ಬಿಡ್ತಿದ್ಯಾ?"

ಬಾಗಿಲು ಬಡಿದೆ, ಕಾವಲಿನವನು ತೆಗೆದ, ಓಡಿದೆ. ಹಿಂದಿನಿಂದ ಅವಳ ಕೂಗು ಕೇಳಿಸಿತು. "ಕಾಗದ ವಾಪಸ್ ತಗೋ! ಹೇಗಾದ್ರೂ ಮಾಡಿ ತಗೋ!"

ಐವತ್ತೆಂಟು ವರ್ಷದ ಮಂಡಿ ಓಡುತ್ತದೆಯೇ? ಮೆಟ್ಟಿಲಿಳಿದು ಅಂಗಳಕ್ಕೆ ಬಂದರೆ ದಾರಿ ಕಟ್ಟಿತ್ತು. ಸಂಜೆಯ ಔತಣಕ್ಕೆಂದು ಸಕ್ಕರೆಯಲ್ಲಿ ಎರೆದ ಕೋಟೆಯೊಂದನ್ನು ಹತ್ತು ಜನ ಅಡುಗೆಯವರು ಹಲಗೆಯ ಮೇಲೆ ಹೊತ್ತು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಬರುತ್ತಿದ್ದರು. ಸಕ್ಕರೆಯ ಬುರುಜು, ಸಕ್ಕರೆಯ ಸಿಂಹ, ಬಾಗಿಲಲ್ಲಿ ಸಕ್ಕರೆಯ ದೊರೆ.

"ಜಾಗ ಬಿಡ್ರೋ!"

"ಏ ಅಮ್ಮಾ, ತಾಗಿಸ್ಬೇಡ! ಬುರುಜು ಬಿದ್ರೆ ನಮ್ಮ ತಲೆ ಹೋಗತ್ತೆ!"

"ನಂಗೆ ಅವಸರ ಕಣ್ರೋ, ಜೀವದ ಪ್ರಶ್ನೆ!"

"ನಮ್ದೂ ಜೀವಾನೇ. ಗೋಡೆಗೆ ಒರಗಿ ನಿಂತ್ಕೋ."

ಗೋಡೆಗೆ ಒರಗಿ ನಿಂತೆ. ಮತ್ತೇನು ಮಾಡಲಿ? ಆ ಹಾಳು ಕೋಟೆ ನನ್ನ ಮೂಗಿನ ಮುಂದೆ ಇಂಚು ಇಂಚಾಗಿ ಹಾದುಹೋಯಿತು. ಒಬ್ಬ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಂಡ, ಉಳಿದವರು ಅವನಿಗೆ ಕಾದರು. ನಾನು ಬಾಯಲ್ಲಿ ದೇವಮಾತೆಯ ಜಪ ಮಾಡುತ್ತಾ ಮನಸ್ಸಿನಲ್ಲಿ ಅವರ ವಂಶಕ್ಕೆಲ್ಲ ಶಾಪ ಹಾಕುತ್ತಾ ನಿಂತಿದ್ದೆ.

ದೊರೆಯ ಓಲಗದ ಕೋಣೆ ಮುಟ್ಟುವಷ್ಟರಲ್ಲಿ ತದ್ದೇಯೊ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಮುಖ ಅರಳಿತ್ತು.

"ಒಪ್ಪಿಬಿಟ್ರು ಓರ್ತೆನ್ಸಿಯಾ! ರಾಯಭಾರಿ ಅಲ್ಲೇ ಇದ್ರು, ಮುತ್ತಿನ ಮಾತಿಗೆ ಹೌದೆಂದು ತಲೆ ಆಡಿಸಿದ್ರು. ರಾಣಿ ನಿರ್ದೋಷಿ. ದೊರೆಯ ಮೊಹರು ಒಂದು ಬೀಳಬೇಕು, ಅರಗು ಕಾಯಿಸ್ತಿದ್ದಾರೆ."

"ವಾಪಸ್ ತಗೊಳ್ಳಿ," ಎಂದೆ. ಉಸಿರು ಸಿಗುತ್ತಿರಲಿಲ್ಲ. "ನಾನು ಹೇಳಿದ್ದು ಸುಳ್ಳು. ಬೇರೆ ಯಾವುದೋ ಮುತ್ತು ಅದು. ಕಣ್ಣು ಮಂಜು ನಂಗೆ, ವಯಸ್ಸಾಯ್ತು."

ಅವರ ಮುಖ ಬಾಡಿತು. ನನ್ನ ತೋಳು ಹಿಡಿದು ಕಂಬದ ಮರೆಗೆ ಎಳೆದರು. "ಏನು ಮಾತಾಡ್ತಿದ್ದೀರಿ? ಆಣೆ ಮಾಡಿದ ಸಾಕ್ಷಿ ಮಾತು ತಿರುಗಿಸಿದ್ರೆ ಕೈ ಹಿಂದಕ್ಕೆ ಕಟ್ಟಿ ಹಗ್ಗಕ್ಕೆ ಏರಿಸಿ ಕೇಳ್ತಾರೆ. ನಿಮ್ಮ ವಯಸ್ಸಿಗೆ ಭುಜ ಕಿತ್ತು ಬರತ್ತೆ."

"ಏರಿಸ್ಲಿ."

"ಅಷ್ಟೇ ಅಲ್ಲ. ನಿಮ್ಮ ಮಾತು ಬಿದ್ರೆ ಇವತ್ತು ಸಂಜೆಗೇ ರಾಣಿ ಸಾಯ್ತಾರೆ! ಇದೇನಮ್ಮಾ, ಬೆಳಗ್ಗೆ ಅವರಿಗೋಸ್ಕರ ಅಷ್ಟು ಅತ್ತವರು ನೀವೇ ಅಲ್ವಾ?"

ಅವಳ ಪ್ರಾಣ ತೆಗೆಯಿರಿ ಎಂದು ನಾನು, ಅವಳಿಗೆ ಮೊದಲ ಲಂಗ ಹೊಲಿದವಳು, ನನ್ನ ಬಾಯಿಂದ ಹೇಗೆ ಹೇಳಲಿ? ಹೇಳದಿದ್ದರೆ ಆ ಮಗುವಿನ ಗತಿ ಏನು? ಕಂಬಕ್ಕೆ ಹಣೆ ಒತ್ತಿ ನಿಂತೆ.

ಅಷ್ಟರಲ್ಲಿ ಬಾಗಿಲು ತೆರೆದು ಒರಾಸಿಯೊ ಬಂದ. ಕೈಯಲ್ಲಿ ಒಂದು ಪುಟ್ಟ ನೀಲಿ ಮೇಲುಹೊದಿಕೆ. ಸಂಜೆಯ ಮೆರವಣಿಗೆಗೆ ಅಸ್ಕಾನಿಯೊಗೆಂದು ನಾನೇ ಹೊಲಿದುಕೊಟ್ಟದ್ದು, ಬೆನ್ನ ಮೇಲೆ ಚಿನ್ನದ ನೂಲಿನ ಕಿರೀಟ.

"ಓ, ಇಲ್ಲೇ ಸಿಕ್ಕಿದ್ಯಲ್ಲ," ಎಂದ. "ನನ್ನ ಹೆಸರೂ ಬರೆಸಿದ್ಯಂತೆ? ಹೋಗ್ಲಿ ಬಿಡು, ದೊರೆ ಕೇಳಿ ನಕ್ಕುಬಿಟ್ರು. ತುಂಬ ಖುಷೀಲಿದ್ದಾರೆ ಇವತ್ತು." ಹೊದಿಕೆಯನ್ನು ನನ್ನ ಕೈಮೇಲೆ ಹಾಕಿದ. "ಈ ಕಿರೀಟ ಬಿಚ್ಚು. ಸೂಜಿ ತೂತೂ ಕಾಣಬಾರದು. ಹುಡುಗ ಇವತ್ತು ದೊರೆಯ ಪಕ್ಕ ಅಲ್ಲ, ವಾದ್ಯದವರ ಹಿಂದೆ ನಡೀತಾನೆ."

"ಯಾಕೆ?" ಎಂದರು ತದ್ದೇಯೊ. ಅವರಿಗೆ ಇನ್ನೂ ತಿಳಿದಿರಲಿಲ್ಲ. "ರಾಣಿ ನಿರ್ದೋಷಿ ಅಂತ ದೊರೆ ಈಗ ತಾನೇ ಒಪ್ಪಿದ್ರಲ್ಲ?"

"ಒಪ್ಪಿದ್ದಾರೆ ವಕೀಲ್ರೇ. ನಿರ್ದೋಷಿ, ಪರಿಶುದ್ಧೆ, ಎಲ್ಲಾ." ಒರಾಸಿಯೊ ಕೈಮುಗಿಯುವಂತೆ ಮಾಡಿದ. "ಅದಕ್ಕೇ ತಂಗಿಯನ್ನ ಗೌರವವಾಗಿ ತವರಿಗೆ ಕಳಿಸಿಕೊಡ್ತಾರಂತೆ."

ತಂಗಿ ಎಂದ. ನನ್ನ ಕಿವಿಯಾರೆ ಕೇಳಿದೆ. ತದ್ದೇಯೊ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ನನ್ನ ಕೈಮೇಲಿದ್ದ ಹೊದಿಕೆಯನ್ನು ನೋಡಿದರು. ಅರ್ಥವಾಗುತ್ತಿದ್ದಂತೆ ಅವರ ತುಟಿ ಬಿಳುಚಿತು. ಕಾಗದದ ಮನುಷ್ಯ, ಕಾಗದ ಏನು ಮಾಡಬಲ್ಲದೆಂದು ಅವರ ಮುಖದಲ್ಲಿ ಅವತ್ತು ಕಂಡೆ.

"ಓರ್ತೆನ್ಸಿಯಾ," ಎಂದರು ಪಿಸುಮಾತಿನಲ್ಲಿ, "ಮೊಹರು ಇನ್ನೂ ಬಿದ್ದಿಲ್ಲ. ನೀವು ಏನು ಹೇಳಿದ್ರೆ ಅದನ್ನೇ ಒಳಗೆ ಹೇಳ್ತೀನಿ. ನಾನು ಏನು ಹೇಳ್ಲಿ?"

ಒಬ್ಬಳ ಕತ್ತು ಉಳಿಸಿದರೆ ಇನ್ನೊಬ್ಬನ ಬದುಕು ಹಾಳು. ಎರಡೂ ನಾನು ಎತ್ತಿ ಆಡಿಸಿದ ಕೂಸುಗಳೇ.

ಒಳಗಿನಿಂದ ದೊರೆಯ ನಗು ಕೇಳಿಸಿತು. ಆಮೇಲೆ ಧ್ವನಿ.

"ತದ್ದೇಯೊ, ಅರಗು ಆರ್ತಾ ಇದೆ. ಹೊರಗೆ ಯಾರದು, ಆ ಉಡುಪಿನ ಮನೆ ಮುದುಕೀನಾ? ಒಳಗೆ ಕರ್ಕೊಂಡು ಬನ್ನಿ. ರಾಯಭಾರಿಗಳು ಅವಳ ಬಾಯಿಂದಲೇ ಇನ್ನೊಂದ್ಸಲ ಕೇಳಬೇಕಂತೆ."

ಒರಾಸಿಯೊ ಬಾಗಿಲು ಹಿಡಿದು ನಿಂತ. ನಾನು ಹೊದಿಕೆಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದೆ.